ಮನೆಗೆ ಬಂದು ಕರೆಯದ ಪದವಿ

ಮದ್ದೂರಿನ ಅಂಕಯ್ಯನಿಗೆ ಈ ಕಾಲದ ಮೇಲೆ ನೂರೆಂಟು ದೂರುಗಳಿದ್ದರೂ ಎಲ್ಲಕ್ಕಿಂತ ದೊಡ್ಡದು ಒಂದೇ: ಜನಕ್ಕೆ ಕರೆಯುವುದೇ ಗೊತ್ತಿಲ್ಲ. ಕರೆಯುವುದೆಂದರೆ ಗಂಡ ಹೆಂಡತಿ ಇಬ್ಬರೂ ಮನೆಗೆ ಬರಬೇಕು. ಒಳಗೆ ಬಂದು ಕೂರಬೇಕು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಪತ್ರಿಕೆಯನ್ನು ಎಲೆ ಅಡಿಕೆಯ ಜೊತೆ ಎರಡೂ ಕೈಯಲ್ಲಿ ಕೊಟ್ಟು, "ಮನೆಮಂದಿಯೆಲ್ಲಾ ಹಿಂದಿನ ದಿನವೇ ಬಂದುಬುಡಬೇಕು" ಎಂದು ಬಾಯಿಬಿಟ್ಟು ಹೇಳಬೇಕು. ಹೊರಡುವಾಗ ಹೊಸಿಲ ಹತ್ತಿರ ನಿಂತು ಅದನ್ನೇ ಇನ್ನೊಂದು ಸಲ ಹೇಳಬೇಕು. ಇಷ್ಟಾದರೆ ಅದು ಕರೆ. ಫೋನಿಗೆ ಪತ್ರಿಕೆಯ ಫೋಟೋ ಕಳಿಸಿ, ಕೆಳಗೆ ಎರಡು ಹಳದಿ ಕೈ ಮುಗಿಸಿಬಿಟ್ಟರೆ ಅದು ಪ್ರಕಟಣೆ. ಪ್ರಕಟಣೆ ಓದಿಕೊಂಡು ಊಟಕ್ಕೆ ಹೋಗುವ ಪೈಕಿ ಅಂಕಯ್ಯನಲ್ಲ.

ಇದರಲ್ಲಿ ತಮಾಷೆಯೆಂದರೆ ಅಂಕಯ್ಯನ ಕಸುಬು ಶಾಮಿಯಾನ. ಕುರ್ಚಿ, ಮೇಜು, ಪಾತ್ರೆ, ಮೈಕ್ ಸೆಟ್ಟು, ಮದುಮಕ್ಕಳು ಕೂರುವ ಕೆಂಪು ಮಖಮಲ್ಲಿನ ಸಿಂಹಾಸನ, ಎಲ್ಲವನ್ನೂ ಬಾಡಿಗೆಗೆ ಕೊಡುವವನು. ಸುತ್ತಮುತ್ತ ಅವನ ಸಾಮಾನಿಲ್ಲದೆ ಯಾವ ಶುಭಕಾರ್ಯವೂ ನಡೆಯುತ್ತಿರಲಿಲ್ಲ. ಅವನಿಲ್ಲದೆ ಮಾತ್ರ ಎಷ್ಟೋ ನಡೆಯುತ್ತಿದ್ದವು. ಚಿಕ್ಕರಸಿನಕೆರೆಯಲ್ಲಿ ಅವನ ಸ್ವಂತ ತಂಗಿ ಹೊಸ ಮನೆ ಕಟ್ಟಿಸಿ, ಬಾಣಂತಿ ಸೊಸೆಯನ್ನು ಬಿಟ್ಟು ಬರಲಾಗದೆ ಗೃಹಪ್ರವೇಶದ ಪತ್ರಿಕೆಯನ್ನು ಫೋನಿಗೆ ಕಳಿಸಿದ್ದಳು. ಇನ್ನೂರು ಕುರ್ಚಿ ಹೋದವು. ಅಣ್ಣ ಹೋಗಲಿಲ್ಲ.

"ಕುರ್ಚಿ ಬಾಡಿಗೆಗೆ ಓಯ್ತವೆ ಕಣಮ್ಮಿ. ನಾನು ಓಗಕಿಲ್ಲ" ಎಂದು ಹೆಂಡತಿಗೆ ಹೇಳಿ, ಅಂದು ಮನೆಯಲ್ಲಿ ಕೂತು ತಂಗಳು ಮುದ್ದೆ ತಿಂದ. (ತಂಗಿಯ ಮನೆಯಲ್ಲಿ ಹೋಳಿಗೆ ಮಾಡಿಸಿದ್ದರು. ಅದನ್ನು ನೆನೆದರೆ ಅವನಿಗೆ ಈಗಲೂ ಬಾಯಲ್ಲಿ ನೀರೂರುತ್ತದೆ, ಆದರೆ ಒಪ್ಪಿಕೊಳ್ಳುವುದಿಲ್ಲ.)

ಇಂಥ ಮಹಾನುಭಾವನ ಹೆಂಡತಿ ದೇವಿರಮ್ಮ ನಲವತ್ತೆರಡನೆಯ ವಯಸ್ಸಿನಲ್ಲಿ ಬಿ.ಎ. ಮಾಡುತ್ತೇನೆಂದು ಹೊರಟಳು.

ಹೊಸ ಆಸೆಯೇನಲ್ಲ. ಬಸರಾಳಿನ ಹುಡುಗಿ ಅವಳು. ಮಳವಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಿ.ಎ. ಮೊದಲ ವರ್ಷ ಪಾಸು ಮಾಡಿದ್ದಾಗ ಅಂಕಯ್ಯ ಹೆಣ್ಣು ನೋಡಲು ಹೋಗಿದ್ದ. ಅವಳ ಅಪ್ಪ ಮರಿಸಿದ್ದಯ್ಯ, "ಮಗಳು ಓದ್ತಾವ್ಳೆ" ಎಂದು ಮೆಲ್ಲಗೆ ಅಂದಾಗ ಇವನು ಕೇಸರಿಬಾತಿನ ತಟ್ಟೆ ಕೈಯಲ್ಲಿ ಹಿಡಿದೇ, ಹತ್ತು ಜನರೆದುರು, "ಓದಿಸ್ತೀನಿ ಬುಡಿ ಮಾವ" ಎಂದಿದ್ದ. ಆ ಮಾತನ್ನು ಅವನು ಮರೆತಿದ್ದನೆಂದು ಹೇಳಿದರೆ ತಪ್ಪಾಗುತ್ತದೆ. ನೆನಪಾದಾಗಲೆಲ್ಲ ಮದುವೆಯ ಸೀಸನ್ ಇರುತ್ತಿತ್ತು, ಅಷ್ಟೇ. ಹೀಗೆ ಇಪ್ಪತ್ತಕ್ಕೂ ಹೆಚ್ಚು ಸೀಸನ್ ಕಳೆದವು. ಮಗಳು ಶೋಭಿತಾ ಹುಟ್ಟಿ, ಬೆಳೆದು, ಮಂಡ್ಯದಲ್ಲಿ ಪದವಿಯನ್ನೂ ಮುಗಿಸಿದಳು. ಅವಳ ಪದವಿ ಪ್ರದಾನ ನೋಡಿಕೊಂಡು ಬಂದ ಸಂಜೆ ದೇವಿರಮ್ಮ ಬಾಯಿಬಿಟ್ಟಳು.

"ನಂಗೆ ಕೆಲಸ ಬ್ಯಾಡ, ಸಂಬಳ ಬ್ಯಾಡ. ಅಂಗೇ ಒಂದ್ಸಲ ನಂದೂ ಎಸರು ಕೂಗಬೇಕು ಕಣಿ. ಅಪ್ಪನ ಎಸರು ಸೇರಿಸಿ, ಮೈಕಲ್ಲಿ."

ಅಂಕಯ್ಯನಿಗೆ ತಟ್ಟನೆ ಅರ್ಥವಾಗಲಿಲ್ಲ. ಆಮೇಲೆ ಯೋಚಿಸಿದ. ಮದ್ದೂರಿಗೆ ಬಂದ ಮೇಲೆ ಅವಳು ಶಾಮಿಯಾನದವರ ಮನೆಯವಳು, ಶೋಭಿತನ ಅವ್ವ, ಪಾತ್ರೆ ಕೊಡುವ ಅಕ್ಕ. ಅವನು ಕೂಡ ಅವಳನ್ನು ಹೆಸರು ಹಿಡಿದು ಕರೆದದ್ದು ಯಾವಾಗ ಎಂದು ನೆನಪಿಗೆ ಬರಲಿಲ್ಲ. ತಾನೇ ಊರಿಗೆಲ್ಲ ಮೈಕು ಕೊಡುವವನು, ಅದರಲ್ಲಿ ಈವರೆಗೆ ಸಾವಿರಾರು ಹೆಸರು ಕೂಗಿದ್ದಾರೆ, ಹೆಂಡತಿಯದು ಒಂದು ಸಲವೂ ಇಲ್ಲ.

ಮಾರನೆಯ ವಾರ ಇಬ್ಬರೂ ಮಂಡ್ಯದ ಸಮುದಾಯ ಕಾಲೇಜಿಗೆ ಹೋದರು. ಮದುವೆ ಮಕ್ಕಳು ಅಂತ ಓದು ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳುವ ಕಾಲೇಜು ಅದು. ಕಚೇರಿಯ ಗುಮಾಸ್ತ ಕೆಂಪಸಿದ್ದಯ್ಯ ಒಂದು ಅಚ್ಚಾದ ಹಾಳೆ ಕೊಟ್ಟ. ಮೇಲೆ ದಪ್ಪಕ್ಷರದಲ್ಲಿ 'ಪದವಿ ಪಡೆಯಲು ಸಾಮಾನ್ಯ ಅರ್ಹತೆಗಳು' ಎಂದಿತ್ತು. ಒಟ್ಟು ನೂರಿಪ್ಪತ್ತು ಕ್ರೆಡಿಟ್ ಆಗಬೇಕು. ಮಳವಳ್ಳಿಯ ಒಂದು ವರ್ಷದ್ದನ್ನು ಸೇರಿಸಿಕೊಳ್ಳಬಹುದು, ಆದರೆ ಅರ್ಧಕ್ಕಿಂತ ಹೆಚ್ಚು ಈ ಕಾಲೇಜಿನಲ್ಲೇ ಓದಿದ್ದಾಗಿರಬೇಕು. ಸರಾಸರಿ ಇಷ್ಟಕ್ಕಿಂತ ಕೆಳಗಿಳಿಯಬಾರದು, ಹಾಜರಿ ಇಷ್ಟಿರಬೇಕು. ಇತಿಹಾಸ ಓದುವವಳಾದರೂ ಭಾಷೆ, ಗಣಿತ, ಪರಿಸರ, ಸಂವಿಧಾನ ಎಲ್ಲವನ್ನೂ ಒಂದೊಂದು ಕೈ ನೋಡಲೇಬೇಕು. ಸಾಲದ್ದಕ್ಕೆ ವ್ಯಾಯಾಮಕ್ಕೂ ಒಂದು ಕ್ರೆಡಿಟ್.

"ರಾಜ ಮಾರಾಜರ ಕತೆ ಓದೋಳಿಗೆ ಲೆಕ್ಕ ಯಾಕೆ ಸ್ವಾಮಿ?" ಎಂದು ಅಂಕಯ್ಯ ಕ್ಯಾತೆ ತೆಗೆದ.

"ಮದುವೆ ಊಟಕ್ಕೆ ಬರೀ ಪಾಯಸ ಬಡಿಸ್ತೀರಾ ಅಂಕಣ್ಣ? ಉಪ್ಪು, ಕೋಸಂಬರಿ, ಪಲ್ಯ ಎಲ್ಲಾ ಎಲೆ ಮೇಲೆ ಬರಬೇಕು ತಾನೆ?" ಎಂದ ಕೆಂಪಸಿದ್ದಯ್ಯ.

ಈ ಉತ್ತರದಿಂದ ಅಂಕಯ್ಯನಿಗೆ ಪದವಿ ಎನ್ನುವುದರ ಮೇಲೆ ಒಮ್ಮೆಲೇ ಗೌರವ ಹುಟ್ಟಿತು. ದೇವಿರಮ್ಮನ ಹತ್ತಿರ ಆಗ ಫೋನಿರಲಿಲ್ಲ. ತನ್ನ ನಂಬರನ್ನೇ ಬರೆಸಿದ. "ಓದೋದು ನಿಂದು. ಕಾಲೇಜಿನ ಕಾಗದ ಪತ್ರ ಎಲ್ಲಾ ನಂದು. ನೀನು ತಲೆ ಕೆಡಿಸ್ಕಬ್ಯಾಡ" ಎಂದು ಬಸ್ಸಿನಲ್ಲೇ ಖಾತೆ ಹಂಚಿದ. ಮನೆಗೆ ಬಂದವನೇ ಆ ಹಾಳೆಗೆ ಗೋಂದು ಬಳಿದು ಅಂಗಡಿಯ ಗೋಡೆಗೆ, ಎಲ್ಲರಿಗೂ ಕಾಣುವಂತೆ, ಗಟ್ಟಿಯಾಗಿ ಅಂಟಿಸಿದ. ಆರು ಅಂಶಗಳಿದ್ದವು. ಒಂದೊಂದು ಮುಗಿದ ಹಾಗೆ ಕೆಂಪು ಪೆನ್ನಿನಲ್ಲಿ ಗೀಟು ಹಾಕುವುದು ಎಂದಾಯಿತು.

ಮನೆ, ಅಂಗಡಿ ಕೆಲಸದ ನಡುವೆ ಉಳಿದ ಓದಿಗೆ ಮೂರು ವರ್ಷ ಹಿಡಿಯಿತು; ದೇವಿರಮ್ಮ ಪಟ್ಟ ಪಾಡನ್ನು ಅವನು ಕಣ್ಣಾರೆ ಕಂಡ. ಬೆಳಿಗ್ಗೆ ಅಡಿಗೆ ಮುಗಿಸಿ ಬಸ್ಸು ಹಿಡಿಯುವಳು, ಗೆಜ್ಜಲಗೆರೆ ದಾಟುವುದರೊಳಗೆ ಒಂದು ಪಾಠ ಬಾಯಿಪಾಠ ಮಾಡುವಳು. ಸಂಜೆ ಬಾಡಿಗೆ ಕೊಪ್ಪರಿಗೆ ಉಜ್ಜುತ್ತ ಸಂವಿಧಾನದ ಮೂಲಭೂತ ಹಕ್ಕುಗಳನ್ನು ಹೇಳಿಕೊಳ್ಳುವಳು. ಶೋಷಣೆಯ ವಿರುದ್ಧದ ಹಕ್ಕು ಬಂದಾಗ ಮಾತ್ರ ದನಿ ಸ್ವಲ್ಪ ಏರುತ್ತಿತ್ತು, ಅಂಕಯ್ಯ ಎದ್ದು ಹೊರಗೆ ಹೋಗುತ್ತಿದ್ದ. ಪರಿಸರದ ಪಾಠಕ್ಕೆಂದು ಮುತ್ತತ್ತಿಗೆ ಕರೆದುಕೊಂಡು ಹೋಗಿ ಹೊಳೆ ದಂಡೆಯ ಕಸದ ಬಗ್ಗೆ ವರದಿ ಬರೆಯಲು ಹೇಳಿದ್ದರು. ದೇವಿರಮ್ಮನಿಗೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂತು. ಯಾಕೆಂದರೆ ಅವಳು ಕಸದ ಫೋಟೋ ತೆಗೆಸಿ, ಅದು ಎಲ್ಲಿಂದ ಬಂತೆಂಬುದನ್ನೂ ಸಾಕ್ಷಿಸಮೇತ ಬರೆದಿದ್ದಳು. ಪ್ಲಾಸ್ಟಿಕ್ ಲೋಟಗಳ ಮೇಲೆ 'ಅಂಕಯ್ಯ ಶಾಮಿಯಾನ, ಮದ್ದೂರು' ಎಂದು ಅಚ್ಚಾಗಿತ್ತು.

"ಗಂಡನ ಮಾನ ಕಳದು ಮಾರ್ಕ್ಸ್ ತಕಂಡಲ್ಲ!" ಎಂದು ಕೂಗಾಡಿದ.

"ಮಾನ ನಾನು ಕಳೀನಿಲ್ಲ ಕಣಿ, ನೀವೇ ಒಳೇಲಿ ಎಸೆದಿದ್ರಿ. ನಾನು ಎಣಿಸ್ದೆ ಅಷ್ಟೇ."

ಅಂದಿನಿಂದ ಅಂಗಡಿಗೆ ಸ್ಟೀಲ್ ಲೋಟ ಬಂದವು.

ಕೊನೆಯ ಪರೀಕ್ಷೆಯೂ ಪಾಸಾಯಿತು. ಅಂಕಯ್ಯ ಆರನೆಯ ಕೆಂಪು ಗೀಟು ಹಾಕಿ, ಅಂಗಡಿಯ ಆಳು ಕರಿಯಪ್ಪನಿಗೆ ಮೈಸೂರುಪಾಕು ಕೊಟ್ಟ. ಇನ್ನು ಉಳಿದದ್ದು ಕಾಲೇಜಿನವರು ಬಂದು ಕರೆಯುವುದೊಂದೇ.

ಕೆಲವು ದಿನಕ್ಕೆ ಅವನ ಫೋನಿಗೆ ಕಾಲೇಜಿನಿಂದ ಒಂದು ಸಂದೇಶ ಬಂತು. ಅರ್ಹತೆ ಪೂರೈಸಿದವರು ಈ ತಿಂಗಳ ಮೂವತ್ತರೊಳಗೆ ಪದವಿಗಾಗಿ ಅರ್ಜಿ ಸಲ್ಲಿಸತಕ್ಕದ್ದು, ಅರ್ಜಿ ಹಾಕದವರ ಹೆಸರನ್ನು ಪದವಿ ಪ್ರದಾನದಲ್ಲಿ ಕರೆಯಲಾಗುವುದಿಲ್ಲ. ಅದನ್ನು ಓದಿ ಅಂಕಯ್ಯನಿಗೆ ಮೈಯೆಲ್ಲ ಉರಿಯಿತು. ಹೆಂಡತಿಗೆ ತೋರಿಸಲಿಲ್ಲ, ಪಾಪ, ಇಂಥ ಅವಮಾನ ಅವಳಿಗೇಕೆ? ಅಂಗಡಿಯ ಹಿಂದೆ ಹೋಗಿ ಗಂಟಲು ಸರಿಮಾಡಿಕೊಂಡು, ಅದೇ ನಂಬರಿಗೆ ತನ್ನ ಧ್ವನಿಯಲ್ಲೇ ಉತ್ತರ ಕಳಿಸಿದ.

"ಸ್ವಾಮಿ, ನಾನು ಮದ್ದೂರು ಅಂಕಯ್ಯ. ನಮ್ಮನೆಯೋಳು ಮೂರು ವರ್ಸ ನಿದ್ದೆಗೆಟ್ಟು ಓದವ್ಳೆ. ಪಾಸಾಗೋರೂ ನಾವೇ, ಕೊಡಿ ಅಂತ ಅರ್ಜಿ ಇಡ್ಕಂಡು ನಿಂತ್ಕೊಳೋರೂ ನಾವೇಯಾ? ಪ್ರಿನ್ಸಿಪಾಲ್ರು ಒಂದ್ಸಲ ಮನೆಗೆ ಬಂದು ಕರೀಲಿ. ಒಟ್ಟೆ ತುಂಬ ಊಟ ಆಕಿ ಕಳಿಸ್ತೀನಿ."

ಉತ್ತರ ಬರಲಿಲ್ಲ. ಮೌನವನ್ನು ಒಪ್ಪಿಗೆಯೆಂದು ತಿಳಿದ ಅಂಕಯ್ಯ ಮುಂಬಾಗಿಲಿಗೆ ಸುಣ್ಣ ಬಳಿಸಿದ. ಪ್ರಿನ್ಸಿಪಾಲರು ಕೂರಲೆಂದು ಕೆಂಪು ಮಖಮಲ್ಲಿನ ಸಿಂಹಾಸನ ಎರಡನ್ನೂ ತಂದು ಪಡಸಾಲೆಯಲ್ಲಿಟ್ಟ. ಭಾನುವಾರ ಬಂತೆಂದರೆ ಬಿಳಿ ಶರಟು ತೊಟ್ಟು ಜಗಲಿಯ ಮೇಲೆ ಕೂರುತ್ತಿದ್ದ.

"ಯಾರು ಬತ್ತಾರೆ ಅಂತ ಇಂಗೆ ಕುಂತಿದ್ದೀರಿ?"

"ಬತ್ತಾರೆ ಬುಡು. ಬಂದಾಗ ನಿಂಗೇ ಗೊತ್ತಾಯ್ತದೆ."

ಆ ಸಿಂಹಾಸನಗಳ ಮೇಲೆ ಬೆಕ್ಕು ಮರಿ ಹಾಕುವಷ್ಟು ದಿನವಾಯಿತು. ಪ್ರಿನ್ಸಿಪಾಲರು ಬರಲಿಲ್ಲ. ಬಂದದ್ದು ಮಳವಳ್ಳಿಯ ಶಾಲಿನಿಯ ಫೋನು. ಈ ಕಾಲೇಜಿನಲ್ಲೇ ದೇವಿರಮ್ಮನ ಜೊತೆ ಓದಿದವಳು, ಅಂಕಯ್ಯನ ನಂಬರಿಗೇ ಮಾಡಿ, ಅಕ್ಕನಿಗೆ ಕೊಡಿ ಎಂದಳು. ದೇವಿರಮ್ಮ ಹಿಟ್ಟಿನ ಕೈಯಲ್ಲೇ ಫೋನು ಹಿಡಿದಳು.

"ಯಾಕಕ್ಕ ನಿನ್ನೆ ಬರ್ನಿಲ್ಲ? ಪದವಿ ಕೊಟ್ರು. ನಿನ್ನ ಎಸರು ಕೂಗ್ತಾರೆ ಅಂತ ಕಾಯ್ತಾನೇ ಇದ್ದೆ, ಕೂಗ್ಲೇ ಇಲ್ಲ."

ದೇವಿರಮ್ಮ ಫೋನನ್ನು ಗಂಡನ ಕೈಗಿಟ್ಟಳು. ಅದರ ಮೇಲೆ ಅವಳ ಐದು ಬೆರಳಿನ ಹಿಟ್ಟಿನ ಗುರುತು ಇತ್ತು.

ಕಾಲೇಜಿನಲ್ಲಿ ಕೆಂಪಸಿದ್ದಯ್ಯ ತಲೆ ಕೆರೆದುಕೊಂಡ. "ಏಳನೇ ಅಂಶ ಓದ್ಲಿಲ್ವಾ ಅಂಕಣ್ಣ? ಅರ್ಹತೆ ಎಲ್ಲಾ ಇದ್ರೂ ಅರ್ಜಿ ಹಾಕದೆ ಪದವಿ ತಾನಾಗೇ ಬರಲ್ಲ ಅಂತ."

"ಆರೇ ಇದ್ದುದ್ದು."

"ಏಳನೇದು ಹಾಳೆ ಹಿಂದುಗಡೆ."

ಅಂಕಯ್ಯನಿಗೆ ಗೋಂದು ನೆನಪಾಯಿತು.

"ಒಂದು ಮಾತು ಕಳಿಸಿದ್ದೆನಲ್ಲ ಸ್ವಾಮಿ, ಫೋನಿಗೆ" ಎಂದ ಮೆಲ್ಲಗೆ.

"ಅದು ಬರೀ ಕಳಿಸೋ ನಂಬರು. ಬಂದಿದ್ದನ್ನ ಅದರಲ್ಲಿ ಕೇಳೋರು ಯಾರೂ ಇಲ್ಲ. ಹೋಗ್ಲಿ, ಈಗ್ಲೇ ಅರ್ಜಿ ಕೊಟ್ರೆ ಪ್ರಮಾಣಪತ್ರ ಅಂಚೇಲಿ ಕಳಿಸ್ತೀವಮ್ಮ. ವೇದಿಕೆ ಮೇಲೇ ಆಗಬೇಕು ಅಂದ್ರೆ ಮುಂದಿನ ವರ್ಷ."

"ಬರೀ ಕಾಗದ ಬ್ಯಾಡ ಸಾರ್" ಎಂದಳು ದೇವಿರಮ್ಮ. "ಮುಂದಿನ ವರ್ಸವೇ ಬತ್ತೀನಿ. ನಂಬರು ಬದಲಾಯಿಸ್ಕಳಿ."

ಮಗಳ ಹಳೆಯ ಫೋನಿನ ನಂಬರನ್ನು ಅವಳೇ ತನ್ನ ಕೈಯಾರೆ ಬರೆದುಕೊಟ್ಟಳು.

ಆ ರಾತ್ರಿ ಅಂಕಯ್ಯ ಅಂಗಡಿಗೆ ಹೋಗಿ ಚಾಕುವಿನಿಂದ ಹಾಳೆಯನ್ನು ಕೆರೆದು ತೆಗೆಯಲು ನೋಡಿದ. ಹಾಳೆ ಚೂರುಚೂರಾಗಿ ಬಂತು. ಏಳನೆಯ ಅಂಶ ಮಾತ್ರ ಗೋಡೆಗೆ ಉಲ್ಟಾ ಅಚ್ಚಾಗಿ ಅಲ್ಲೇ ಉಳಿಯಿತು. ಮನೆಗೆ ಬಂದರೆ ತಟ್ಟೆಗೆ ಮುದ್ದೆ, ಸೊಪ್ಪಿನ ಸಾರು ಎಂದಿನಂತೆಯೇ ಬಂತು. ಉಪ್ಪು ಹೆಚ್ಚಿಲ್ಲ, ಕಾರ ಹೆಚ್ಚಿಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ.

"ಒಂದು ಮಾತು ಬಯ್ಯಮ್ಮಿ."

"ಬೈದ್ರೆ ನಿಮಗೆ ಸಮಾಧಾನ ಆಯ್ತದೆ. ಅದಕ್ಕೇ ಬಯ್ಯಕಿಲ್ಲ" ಎಂದಳು ಅವಳು. ಸಾರು ಬಡಿಸುತ್ತ, "ಇನ್ಮ್ಯಾಲೆ ನಾನು ನಿಮಗೆ ಏನೂ ಬಾಯಲ್ಲಿ ಜ್ಞಾಪಿಸಕಿಲ್ಲ. ಫೋನಿಗೆ ಬಂದುದ್ದ ನೀವೇ ತೆಗೆದು ನೋಡಬೇಕು" ಎಂದಳು.

ಪಶ್ಚಾತ್ತಾಪ ಪಡುವುದೆಂದು ಹೊರಟರೆ ಅಂಕಯ್ಯ ಅದರಲ್ಲೂ ಯಾರಿಗೂ ಕಡಿಮೆಯಿಲ್ಲ. ಅಂದಿನಿಂದ ಫೋನು ಟಿಣ್ ಎಂದರೆ ಊಟದ ಎಲೆ ಬಿಟ್ಟು ಎದ್ದು ನೋಡಿದ. ಕಾಲೇಜಿನದು ನೋಡಿದ, ಕರೆಂಟು ಬಿಲ್ಲಿನದು ನೋಡಿದ, ಗುರುತಿಲ್ಲದವರು ಕಳಿಸಿದ ಶುಭೋದಯಗಳನ್ನೂ ಓದಿ ಪ್ರತಿಯೊಂದಕ್ಕೂ ಕೈ ಮುಗಿದ. ಫೋನಿನಲ್ಲಿ ಕರೆದ ಹದಿನಾಲ್ಕು ಕಾರ್ಯಗಳಿಗೆ ಆ ವರ್ಷ ಹೋಗಿ ಉಂಡು ಬಂದ. ತಂಗಿಯ ಮೊಮ್ಮಗಳ ಹುಟ್ಟುಹಬ್ಬಕ್ಕೆ ಚಿಕ್ಕರಸಿನಕೆರೆಗೂ ಹೋಗಿ, ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡ. ತೆಗೆದು ನೋಡದೆ ಬಿಟ್ಟದ್ದು ಒಬ್ಬರದನ್ನು ಮಾತ್ರ, ಅದು ಹೆಂಡತಿಯದು. ಒಂದೇ ಸೂರಿನಡಿ ಇರುವವಳು ಫೋನಿನಲ್ಲಿ ಏನು ತಾನೇ ಕಳಿಸುತ್ತಾಳೆ? ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ಅರ್ಧ ಕೇಜಿ ಅವರೆಕಾಯಿ. ಅಂಗಡಿ ಬಾಗಿಲು ಹಾಕುವಾಗ ಕರಿಯಪ್ಪ ಹೇಗೂ ಮನೆಗೆ ಹೋಗಿ ಏನು ಬೇಕೆಂದು ಕೇಳಿ ಬರುತ್ತಿದ್ದ.

ಮತ್ತೆ ಪದವಿ ಪ್ರದಾನದ ಕಾಲ ಬಂತು. ಅರ್ಜಿಯನ್ನು ದೇವಿರಮ್ಮ ಮೊದಲ ದಿನವೇ ಹಾಕಿ ಬಂದಳು. ಕಾಲೇಜಿನವರು ಮುನ್ನೂರು ಕುರ್ಚಿ, ಒಂದು ಮೈಕ್ ಸೆಟ್ಟು ಬೇಕೆಂದು ಅಂಕಯ್ಯನ ಅಂಗಡಿಗೇ ಹೇಳಿದರು. ಪದವಿ ಪಡೆಯುವವರು ಇಬ್ಬರನ್ನು ಕರೆದುಕೊಂಡು ಬರಬಹುದು, ಇಬ್ಬರಿಗೂ ಪ್ರವೇಶಪತ್ರ ಉಂಟು ಎಂಬ ಸುದ್ದಿಯನ್ನು ತಂದವನು ಕರಿಯಪ್ಪ.

ಮುಂದಿನ ಭಾನುವಾರ ದೇವಿರಮ್ಮ ಎಲೆ ಅಡಿಕೆ, ತೆಂಗಿನಕಾಯಿ, ಅರಿಶಿನ ಕುಂಕುಮ ಚೀಲಕ್ಕೆ ಹಾಕಿಕೊಂಡು ಮಗಳೊಂದಿಗೆ ಬಸರಾಳಿಗೆ ಹೋಗಿ, ಎಂಬತ್ತರ ಅಪ್ಪನನ್ನು ಕೂರಿಸಿ, ಪ್ರವೇಶಪತ್ರ ಕೈಗೆ ಕೊಟ್ಟು ಕರೆದು ಬಂದಳು. ಅದನ್ನು ಕೇಳಿ ಅಂಕಯ್ಯನಿಗೆ ಸಂತೋಷವಾಯಿತು. ಸರಿ, ಇನ್ನೊಂದು ಪತ್ರ ಉಳಿದಿದೆ. ಬಿಳಿ ಶರಟು ತೊಟ್ಟು ಜಗಲಿಯ ಮೇಲೆ ಕೂತ. ಅವಳು ಒಗೆದ ಬಟ್ಟೆ ಹೊತ್ತು ಅವನ ಮುಂದೆಯೇ ಹೋದಳು, ಬಂದಳು. ಕರೆಯಲಿಲ್ಲ. ಮರುದಿನವೂ ಕೂತ. ಕರೆಯಲಿಲ್ಲ. ಬಾಯಿಬಿಟ್ಟು ಕೇಳೋಣವೆಂದರೆ ಕೇಳುವ ಮುಖ ಎಲ್ಲಿದೆ? ಅವಳ ಹೆಸರು ಕೂಗದಂತೆ ಮಾಡಿದವನು ಯಾವ ಬಾಯಲ್ಲಿ ನನ್ನನ್ನೂ ಕರಿ ಎನ್ನುವುದು? ಇದೇ ಸರಿಯಾದ ಶಿಕ್ಷೆ ಎಂದು ಒಪ್ಪಿಕೊಂಡ. ಒಪ್ಪಿಕೊಂಡರೂ ಮರುದಿನ ಮತ್ತೆ ಬಿಳಿ ಶರಟು ತೊಟ್ಟ.

ಮೂರು ದಿನ ಇದೆ ಎನ್ನುವಾಗ ದೇವಿರಮ್ಮ ಒಂದೇ ಒಂದು ಮಾತು ಕೇಳಿದಳು. "ಫೋನ್ ನೋಡುದ್ರಾ?"

"ಎಲ್ಲಾನೂ ನೋಡೀವ್ನಿ ಬುಡು" ಎಂದ ಅಂಕಯ್ಯ. ಆ ಬೆಳಿಗ್ಗೆಯಷ್ಟೇ ಒಂಬತ್ತು ಶುಭೋದಯ ನೋಡಿದ್ದ. ಅವಳ ಮುಖ ಯಾಕೋ ಅರಳಿದ್ದನ್ನು ಕಂಡು ಅವನಿಗೆ ಇನ್ನಷ್ಟು ಸಂಕಟವಾಯಿತು.

ಪದವಿ ಪ್ರದಾನದ ದಿನ ದೇವಿರಮ್ಮ ಅಪ್ಪನನ್ನೂ, ಬಂದವರನ್ನು ಕೂರಿಸುವ ಕೆಲಸ ಒಪ್ಪಿಕೊಂಡಿದ್ದ ಮಗಳನ್ನೂ ಕರೆದುಕೊಂಡು ಬೇಗ ಹೊರಟಳು. ಅಂಕಯ್ಯ ಕುರ್ಚಿ ತುಂಬಿದ ಗಾಡಿಯಲ್ಲಿ ಮಂಡ್ಯಕ್ಕೆ ಹೋಗಿ, ಕುರ್ಚಿ ಇಳಿಸಿ ಜೋಡಿಸುವ ಕೆಲಸವನ್ನು ಕರಿಯಪ್ಪನಿಗೆ ಬಿಟ್ಟು, ಗೇಟಿನ ಹೊರಗೆ ಎಳನೀರು ಮಾರುವವನ ಪಕ್ಕ ನಿಂತ.

"ಒಳಕ್ ಬಾರಣ್ಣ, ನಮ್ಮ ಕುರ್ಚೀನೇ ಅವೆ" ಎಂದ ಕರಿಯಪ್ಪ.

"ನನ್ನ ಕರ್ದಿಲ್ಲ ಕಣ್ಲಾ."

ಮೊದಲು ಈ ಮಾತನ್ನು ಎಷ್ಟೋ ಸಲ ಎದೆಯುಬ್ಬಿಸಿ ಹೇಳಿದ್ದ. ಈ ಸಲ ಎಳನೀರಿನ ರಾಶಿಯ ಕಡೆ ನೋಡುತ್ತ ಹೇಳಿದ. ಕರಿಯಪ್ಪ ಕುರ್ಚಿ ಹೊತ್ತು ಒಳಗೆ ಹೋದ.

ಹನ್ನೊಂದೂವರೆಗೆ ಅವನದೇ ಮೈಕು, ಎಡಗಡೆಯ ಸ್ವಲ್ಪ ಗೊರಗೊರ ಅನ್ನುವ ಆ ಹಳೆಯ ಸ್ಪೀಕರ್ರು, ಮಂಡ್ಯದ ರಸ್ತೆಗೆಲ್ಲ ಕೇಳುವಂತೆ ಕೂಗಿತು: "ಬಸರಾಳು ಮರಿಸಿದ್ದಯ್ಯ ದೇವಿರಮ್ಮ!" ಚಪ್ಪಾಳೆ ಬಿತ್ತು. ಗೇಟಿನ ಹೊರಗೆ ಒಬ್ಬನೇ ಒಬ್ಬ ಮನುಷ್ಯ ಎಳನೀರಿನ ಬುರುಡೆಯನ್ನು ಕಂಕುಳಲ್ಲಿ ಅವುಚಿಕೊಂಡು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದ. ಶರಟೆಲ್ಲ ಒದ್ದೆಯಾಯಿತು. ಕಣ್ಣೀರೋ ಎಳನೀರೋ ಎಂದು ಮಾರುವವನು ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಶೋಭಿತಾ ಫೋನು ಮಾಡಿದಳು. "ಎಲ್ಲಿದ್ದೀಯಪ್ಪ? ಮುಂದಿನ ಸಾಲಲ್ಲಿ ನಿನ್ನ ಕುರ್ಚಿ ಖಾಲಿ. ಅವ್ವ ಪದವಿ ತಗೊಂಡು ಆ ಕುರ್ಚಿ ನೋಡ್ಕೊಂಡೇ ಇಳಿದ್ಲು."

"ನಂಗೆಲ್ಲಿ ಕುರ್ಚಿ? ನನ್ನ ಯಾರು ಕರದ್ರು?"

"ಅವ್ವ ಕಳಿಸಿ ಇಪ್ಪತ್ತು ದಿನ ಆಯ್ತಲ್ಲಪ್ಪ! ಎಲ್ಲಾ ನೋಡಿದ್ದೀನಿ ಅಂದ್ಯಂತೆ?"

ಅಂಕಯ್ಯ ಹೆಂಡತಿಯ ಹೆಸರಿನ ಮೇಲೆ ಒತ್ತಿದ. ನೋಡದೆ ಬಿಟ್ಟವು ನಲವತ್ತೊಂದಿದ್ದವು. ಹಸಿಮೆಣಸಿನಕಾಯಿ ದಾಟಿ, ಅವರೆಕಾಯಿ ದಾಟಿ ಮೇಲಕ್ಕೆ ಹೋದರೆ ಒಂದು ಫೋಟೋ. ತಟ್ಟೆಯಲ್ಲಿ ಎಲೆ ಅಡಿಕೆ, ಅದರ ಮೇಲೆ ಪ್ರವೇಶಪತ್ರ, 'ಶ್ರೀ ಅಂಕಯ್ಯ, ಮೊದಲನೆಯ ಸಾಲು'. ಅದರ ನಾಲ್ಕು ಮೂಲೆಗೂ ಅವಳು ನಿಜವಾದ ಅರಿಶಿನವನ್ನೇ ಹಚ್ಚಿದ್ದಳು. ಕೆಳಗೆ ಒಂದೊಂದೇ ಅಕ್ಷರ ಹುಡುಕಿ ಬರೆದಿದ್ದಳು: 'ಮನೆಮಂದಿಯೆಲ್ಲಾ ಹಿಂದಿನ ದಿನವೇ ಬಂದುಬುಡಬೇಕು.' ಅದರ ಕೆಳಗೆ ಮುಗಿದ ಎರಡು ಹಳದಿ ಕೈ.

ಅಂಕಯ್ಯ ಫೋನು ಎತ್ತಿ ಹಿಡಿದುಕೊಂಡೇ ಗೇಟಿಗೆ ಓಡಿದ. ಕಾವಲಿನವನು ನೋಡಿದ. "ಕಾರ್ಯ ಮುಗೀತಣ್ಣ. ಇನ್ನೇನಿದ್ರೂ ಕುರ್ಚಿ ಎತ್ತೋರು ಮಾತ್ರ ಒಳಕ್ಕೆ."

"ನಾನು ಕುರ್ಚಿ ಎತ್ತೋನೇ ಕಣಪ್ಪ" ಎಂದು ಅಂಕಯ್ಯ ತಲೆ ತಗ್ಗಿಸಿ ಒಳಗೆ ಹೋದ.

ಜನ ಚದುರುತ್ತಿದ್ದರು. ಮುಂದಿನ ಸಾಲಿನಲ್ಲಿ ಮರಿಸಿದ್ದಯ್ಯ ಮಗಳ ಪ್ರಮಾಣಪತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಅದರ ಬೆನ್ನಿಗೆ ಅಂಕಯ್ಯನ ಹೆಸರಿನ ಚೀಟಿ ಅಂಟಿಸಿತ್ತು. ಕಪ್ಪು ನಿಲುವಂಗಿ ತೊಟ್ಟ ದೇವಿರಮ್ಮ ಆ ಕುರ್ಚಿಯ ಹಿಂದೆ ನಿಂತಿದ್ದಳು. ಕರಿಯಪ್ಪ ಉಳಿದ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸುತ್ತಿದ್ದ. ಇದೊಂದನ್ನು ಎತ್ತಲು ಅವಳು ಬಿಟ್ಟಿರಲಿಲ್ಲ.

ಅಂಕಯ್ಯ ಹತ್ತಿರ ಹೋದ. "ಈಗ ನೋಡ್ದೆ, ದೇವಿರಮ್ಮ" ಎಂದಷ್ಟೇ ಹೇಳಿದ. ಇಷ್ಟು ವರ್ಷಕ್ಕೆ ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು ಬಂದಿತ್ತು.

ದೇವಿರಮ್ಮ ಅವನ ಒದ್ದೆ ಶರಟು ನೋಡಿದಳು, ಕಣ್ಣು ನೋಡಿದಳು. ಅವಳ ಕಣ್ಣೂ ತುಂಬಿತ್ತು.

"ಎಲ್ಲಾ ನೋಡುದ್ರಾ?"

"ಎಲ್ಲಾ ನೋಡ್ದೆ. ತಪ್ಪಾಯ್ತು."

"ಅಂಗಾದ್ರೆ ಅಪ್ಪ ರಾತ್ರಿ ಊಟಕ್ಕಿರ್ತಾರೆ ಅಂತ ಬೆಳಿಗ್ಗೆ ಕಳಿಸಿದ್ನಲ್ಲ. ಕೊತ್ತಂಬರಿ ಸೊಪ್ಪು ಎಲ್ಲಿ?"

ಅಂಕಯ್ಯ ಫೋನು ತೆಗೆದು ಕೆಳಗಿನವರೆಗೂ ನೋಡತೊಡಗಿದ.